ಪೆನ್ ಡ್ರೈವ್‌ನಲ್ಲಿ ಫೋಲ್ಡರ್ ಹೋಗಿ ಶಾರ್ಟ್‌ಕಟ್ ಬಂದರೆ: ದೋಷ ಹುಡುಕುವ ಕ್ರಮ

ಜೆರಾಕ್ಸ್ ಅಂಗಡಿಯಲ್ಲಿ ಮುದ್ರಣ ಮಾಡಿಸಿಕೊಂಡು ಬಂದ ಪೆನ್ ಡ್ರೈವ್ ಅನ್ನು ಮನೆಯ ಕಂಪ್ಯೂಟರಿಗೆ ಹಾಕುತ್ತೀರಿ. ಫೋಲ್ಡರುಗಳ ಹೆಸರೆಲ್ಲ ಇದ್ದಂತೆಯೇ ಇವೆ. ಆದರೆ ಪ್ರತಿಯೊಂದರ ಚಿತ್ರದ ಎಡಮೂಲೆಯಲ್ಲಿ ಚಿಕ್ಕದೊಂದು ಬಾಣ, ಗಾತ್ರ ನೋಡಿದರೆ ಒಂದೋ ಎರಡೋ ಕೆಬಿ. ಕೆಲವು ಸಲ ಅಷ್ಟೂ ಇರುವುದಿಲ್ಲ. ಡ್ರೈವ್ ತೆರೆದರೆ ಅದರೊಳಗೆ ಅದೇ ಡ್ರೈವಿನ ಹೆಸರು ಹೊತ್ತ ಒಂದೇ ಒಂದು ಶಾರ್ಟ್‌ಕಟ್ ಕುಳಿತಿರುತ್ತದೆ.

ಇಂಥ ಹೊತ್ತಿನಲ್ಲಿ ಬಹಳ ಮಂದಿ ಒಂದೋ ಆ ಶಾರ್ಟ್‌ಕಟ್ ಮೇಲೆ ಎರಡು ಸಲ ಕ್ಲಿಕ್ ಮಾಡುತ್ತಾರೆ, ಇಲ್ಲವೇ ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡುತ್ತಾರೆ. ದಯವಿಟ್ಟು ಎರಡನ್ನೂ ಮಾಡಬೇಡಿ. ಕ್ಲಿಕ್ ಮಾಡಿದರೆ ಈ ಕಂಪ್ಯೂಟರಿಗೂ ಸೋಂಕು ತಗಲುತ್ತದೆ. ಫಾರ್ಮ್ಯಾಟ್ ಮಾಡಿದರೆ ಸುರಕ್ಷಿತವಾಗಿಯೇ ಇದ್ದ ಫೈಲುಗಳು ಹೋಗುತ್ತವೆ. ವಿದ್ಯಾರ್ಥಿಯ ಪ್ರಾಜೆಕ್ಟ್ ವರದಿ, ಜಮೀನಿನ ದಾಖಲೆಯ ಸ್ಕ್ಯಾನ್ ಪ್ರತಿ, ಮದುವೆಯ ಫೋಟೊ ಇವೆಲ್ಲ ಕಣ್ಣಿಗೆ ಕಾಣದಂತಾಗಿವೆ ಎಂಬ ಒಂದೇ ಕಾರಣಕ್ಕೆ ಅಳಿಸಿಹೋಗುವುದನ್ನು ನೋಡಿದಾಗ ಸಂಕಟವಾಗುತ್ತದೆ. ಎಲ್ಲ ತೊಂದರೆಗೂ ‘ಫಾರ್ಮ್ಯಾಟ್ ಮಾಡಿ’ ಎನ್ನುವ ರಿಪೇರಿಯವರ ಮೇಲೆ ನನಗೆ ಕೋಪವಿದೆ. ಪೆನ್ ಡ್ರೈವ್ ಎಷ್ಟು ಸಲ ಫಾರ್ಮ್ಯಾಟ್ ಆದರೂ ದೋಷ ಮರಳಿ ಬರುತ್ತದೆ, ಏಕೆಂದರೆ ಅದರ ಮೂಲ ಇರುವುದು ಯಾವುದೋ ಒಂದು ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರನ್ನು ಮೊದಲು ಪತ್ತೆ ಮಾಡಿ ಸರಿಪಡಿಸಬೇಕು. ಪೆನ್ ಡ್ರೈವಿನ ಸರದಿ ಆಮೇಲೆ.

ಫೈಲುಗಳು ಇವೆಯೇ?

ಡ್ರೈವಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. 16 ಜಿಬಿ ಡ್ರೈವಿನಲ್ಲಿ 9 ಜಿಬಿ ಬಳಕೆಯಾಗಿದೆ ಎಂದು ತೋರಿಸುತ್ತಿದ್ದು, ಕಣ್ಣಿಗೆ ಕಾಣುವ ಶಾರ್ಟ್‌ಕಟ್‌ಗಳ ಒಟ್ಟು ಗಾತ್ರ ಹತ್ತಾರು ಕೆಬಿ ಮಾತ್ರವಾಗಿದ್ದರೆ ನಿಮ್ಮ ಫೈಲುಗಳು ಅಲ್ಲಿಯೇ ಇವೆ, ಅಡಗಿವೆ ಅಷ್ಟೇ. ಬಳಕೆಯಾದ ಜಾಗ ಸೊನ್ನೆಯ ಹತ್ತಿರವಿದ್ದರೆ ಯಾರೋ ಅಳಿಸಿದ್ದಾರೆ. ತೆರೆಯುವ ಮೊದಲೇ ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ವಿಂಡೋಸ್ ಕೇಳಿದರೆ ಅದು ಬಹುಮಟ್ಟಿಗೆ ಡ್ರೈವಿನ ಫೈಲ್ ವ್ಯವಸ್ಥೆ ಕೆಟ್ಟಿರುವ ತೊಂದರೆ. ಅದಕ್ಕೆ ಡೇಟಾ ರಿಕವರಿಯ ದಾರಿ ಬೇರೆ, ಈ ಬರಹದ ಕ್ರಮ ಅಲ್ಲಿ ಉಪಯೋಗವಿಲ್ಲ.

ಕೂಡಲೇ ಒಂದು ಫೈಲ್ ಬೇಕೇ ಬೇಕು ಎಂದಿದ್ದರೆ ಪೆನ್ ಡ್ರೈವ್ ಅನ್ನು ಓಟಿಜಿ ಕೇಬಲ್ ಮೂಲಕ ಆಂಡ್ರಾಯ್ಡ್ ಮೊಬೈಲಿಗೆ ಹಾಕಿ. ವಿಂಡೋಸ್‌ಗಾಗಿ ಬರೆದ ಸೋಂಕಿನ ಸ್ಕ್ರಿಪ್ಟ್ (ಆದೇಶಗಳನ್ನು ಸಾಲಾಗಿ ಬರೆದಿಟ್ಟ ಪುಟ್ಟ ಪ್ರೋಗ್ರಾಂ) ಮೊಬೈಲಿನಲ್ಲಿ ಓಡುವುದಿಲ್ಲ. ವಿಂಡೋಸ್ ‘ಅಡಗಿದೆ’ ಎಂದು ಪರಿಗಣಿಸುವ ಫೋಲ್ಡರುಗಳು ಅಲ್ಲಿ ಸಾಮಾನ್ಯವಾಗಿ ನೇರವಾಗಿಯೇ ಕಾಣುತ್ತವೆ. ಬೇಕಾದ ಪಿಡಿಎಫ್ ಅಥವಾ ಫೋಟೊವನ್ನು ಮೊಬೈಲಿಗೆ ನಕಲಿಸಿಕೊಳ್ಳಿ. ಇದರಿಂದ ಆತಂಕ ಇಳಿಯುತ್ತದೆ, ಮುಂದಿನ ಕೆಲಸವನ್ನು ನಿಧಾನವಾಗಿ ಮಾಡಬಹುದು.

ಆ ಶಾರ್ಟ್‌ಕಟ್ ಒಳಗೆ ಏನಿದೆ?

ಶಾರ್ಟ್‌ಕಟ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ‘ಟಾರ್ಗೆಟ್’ ಎಂಬ ಸಾಲನ್ನು ಓದಿ. ಅದನ್ನು ಓದುವುದರಿಂದ ಅಪಾಯವಿಲ್ಲ. ಸಾಚಾ ಶಾರ್ಟ್‌ಕಟ್ ಆಗಿದ್ದರೆ ಅಲ್ಲಿ ಒಂದು ಫೈಲಿನ ಅಥವಾ ಫೋಲ್ಡರಿನ ವಿಳಾಸ ಮಾತ್ರ ಇರುತ್ತದೆ. ಸೋಂಕಿನದಾಗಿದ್ದರೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನ ಹೆಸರಿನಿಂದ ಸಾಲು ಆರಂಭವಾಗಿ, ನಡುವೆ ಅರ್ಥವಿಲ್ಲದ ಹೆಸರಿನ ಒಂದು ಸ್ಕ್ರಿಪ್ಟ್ ಫೈಲಿನ ಉಲ್ಲೇಖ ಬಂದು, ಕೊನೆಯಲ್ಲಿ ನಿಮ್ಮ ಫೋಲ್ಡರಿನ ಹೆಸರು ಬರುತ್ತದೆ. ಈ ಜೋಡಣೆಯಲ್ಲೇ ಮೋಸವಿದೆ. ಕ್ಲಿಕ್ ಮಾಡಿದ ಕೂಡಲೇ ಸ್ಕ್ರಿಪ್ಟ್ ಹಿನ್ನೆಲೆಯಲ್ಲಿ ಓಡುತ್ತದೆ, ಅದರೊಂದಿಗೇ ನಿಮ್ಮ ಫೋಲ್ಡರ್ ಕೂಡ ತೆರೆದುಕೊಳ್ಳುತ್ತದೆ. ಬಯಸಿದ ಫೋಲ್ಡರ್ ಸಿಕ್ಕಿದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ತಿಂಗಳುಗಟ್ಟಲೆ ಒಂದು ಅಂಗಡಿಯ ಕಂಪ್ಯೂಟರ್ ಹೀಗೆಯೇ ಬಂದವರ ಪೆನ್ ಡ್ರೈವ್‌ಗಳಿಗೆಲ್ಲ ಸೋಂಕು ಹಂಚುತ್ತಿರಬಹುದು.

ಮೊದಲು ಹೀಗಿರಲಿಲ್ಲ. ಪೆನ್ ಡ್ರೈವ್ ಹಾಕಿದರೆ ತಾನಾಗಿಯೇ ಪ್ರೋಗ್ರಾಂ ಓಡಿಸುವ ಆಟೋರನ್ ಸೌಲಭ್ಯವನ್ನು, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹರಡುವ ಸೋಂಕಿನ ಪ್ರೋಗ್ರಾಂಗಳಾದ ಹಿಂದಿನ ವರ್ಮ್‌ಗಳು ಬಳಸುತ್ತಿದ್ದವು. 2008ರಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಹರಡಿದ ದಾರಿಗಳಲ್ಲಿ ಅದೂ ಒಂದು. ಮೈಕ್ರೋಸಾಫ್ಟ್ ವಿಂಡೋಸ್ 7ರಲ್ಲಿ ಯುಎಸ್‌ಬಿ ಡ್ರೈವ್‌ಗಳಿಗೆ ಆ ಸೌಲಭ್ಯವನ್ನು ನಿಲ್ಲಿಸಿತು, 2011ರ ಫೆಬ್ರುವರಿಯಲ್ಲಿ ಎಕ್ಸ್‌ಪಿ ಮತ್ತು ವಿಸ್ಟಾಗಳಿಗೂ ಅಪ್‌ಡೇಟ್ ಮೂಲಕ ಅದನ್ನೇ ಮಾಡಿತು. ತಾನಾಗಿ ಓಡುವ ದಾರಿ ಮುಚ್ಚಿದ ಮೇಲೆ ಬಳಕೆದಾರನ ಕೈಯಿಂದಲೇ ಕ್ಲಿಕ್ ಮಾಡಿಸುವ ಶಾರ್ಟ್‌ಕಟ್ ತಂತ್ರ ಮೇಲುಗೈ ಪಡೆಯಿತು.

ಯಾವ ಕಂಪ್ಯೂಟರ್?

ಅಂಗಡಿಯಲ್ಲೋ ಕಚೇರಿಯಲ್ಲೋ ನಾಲ್ಕಾರು ಕಂಪ್ಯೂಟರುಗಳಿದ್ದರೆ ಊಹೆ ಮಾಡುತ್ತಾ ಕೂರಬೇಡಿ. ಒಂದು ಖಾಲಿ ಪೆನ್ ಡ್ರೈವ್ ತೆಗೆದುಕೊಂಡು ಅದರಲ್ಲಿ ‘ಪರೀಕ್ಷೆ’ ಎಂಬ ಒಂದು ಫೋಲ್ಡರ್, ಅದರೊಳಗೆ ಒಂದು ಪುಟ್ಟ ಫೈಲ್ ಇಡಿ. ಮೊದಲ ಕಂಪ್ಯೂಟರಿಗೆ ಹಾಕಿ ಒಂದೆರಡು ನಿಮಿಷ ಬಿಡಿ. ಈ ಬಗೆಯ ಸ್ಕ್ರಿಪ್ಟ್ ಕೆಲವೇ ಸೆಕೆಂಡುಗಳಿಗೊಮ್ಮೆ ಹೊಸ ಡ್ರೈವ್ ಬಂದಿದೆಯೇ ಎಂದು ನೋಡುತ್ತಲೇ ಇರುತ್ತದೆ, ಆದ್ದರಿಂದ ಫಲಿತಾಂಶ ಬೇಗ ತಿಳಿಯುತ್ತದೆ. ಫೋಲ್ಡರ್ ಹೋಗಿ ಶಾರ್ಟ್‌ಕಟ್ ಬಂದರೆ ಆ ಕಂಪ್ಯೂಟರ್ ಸೋಂಕಿನದು. ಅದನ್ನು ನೆಟ್‌ವರ್ಕಿನಿಂದ ಬಿಡಿಸಿ, ಪೆನ್ ಡ್ರೈವ್ ಅನ್ನು ಮತ್ತೆ ಖಾಲಿ ಮಾಡಿ, ಫೋಲ್ಡರ್ ಹೊಸದಾಗಿ ಇಟ್ಟು ಮುಂದಿನ ಕಂಪ್ಯೂಟರಿಗೆ ಹೋಗಿ. ಈ ಖಾಲಿ ಮಾಡುವ ಕೆಲಸವನ್ನು ಉಬುಂಟು ಅಥವಾ ಬೇರೆ ಲಿನಕ್ಸ್ ಇರುವ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಮಾಡಿದರೆ ಒಂದರ ಸೋಂಕು ಇನ್ನೊಂದಕ್ಕೆ ದಾಟುವುದಿಲ್ಲ.

ಸಿಕ್ಕಿಬಿದ್ದ ಕಂಪ್ಯೂಟರಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ‘ಮೈಕ್ರೋಸಾಫ್ಟ್ ವಿಂಡೋಸ್ ಬೇಸ್ಡ್ ಸ್ಕ್ರಿಪ್ಟ್ ಹೋಸ್ಟ್’ ಎಂಬ ಹೆಸರು ನೀವು ಏನೂ ಮಾಡದಿದ್ದಾಗಲೂ ಅಲ್ಲಿ ಕುಳಿತಿದ್ದರೆ ಅನುಮಾನ ಗಟ್ಟಿಯಾಯಿತು. ಅದು ವಿಂಡೋಸ್‌ನದೇ ಪ್ರೋಗ್ರಾಂ, ವರ್ಮ್ ಅದನ್ನು ದುಡಿಸಿಕೊಳ್ಳುತ್ತಿದೆ. ಹೋಸ್ಟ್ ಫೈಲನ್ನೇ ಅಳಿಸಲು ಹೋಗಬೇಡಿ, ‘ಎಂಡ್ ಟಾಸ್ಕ್’ ಸಾಕು. ಬಳಿಕ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ವಿಭಾಗದಲ್ಲಿ ವಿಚಿತ್ರ ಹೆಸರಿನ ಸ್ಕ್ರಿಪ್ಟ್ ಇದ್ದರೆ ನಿಷ್ಕ್ರಿಯಗೊಳಿಸಿ. ಅಲ್ಲಿ ಕಾಣದಿದ್ದರೆ ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಉಪಕರಣಗಳಲ್ಲಿ ಒಂದಾದ ಆಟೋರನ್ಸ್ ಬಳಸಿ. ಕಂಪ್ಯೂಟರ್ ಶುರುವಾದಾಗ ಏನೇನು ಓಡುತ್ತದೆ ಎಂಬುದರ ಇಷ್ಟು ಪೂರ್ಣವಾದ ಪಟ್ಟಿಯನ್ನು ಕೊಡುವ ಬೇರೆ ಉಚಿತ ಉಪಕರಣ ನಾನು ಕಂಡಿಲ್ಲ. ಮೈಕ್ರೋಸಾಫ್ಟಿನ ಸ್ವಂತ ನಮೂದುಗಳನ್ನು ಮರೆಮಾಡುವ ಆಯ್ಕೆ ಅದರಲ್ಲಿದೆ. ಆಮೇಲೆ ಉಳಿಯುವ ಪಟ್ಟಿ ಓದುವಷ್ಟು ಚಿಕ್ಕದಾಗುತ್ತದೆ.

ಆಂಟಿವೈರಸ್ ಎಚ್ಚರವಾಗಿದೆಯೇ?

ಇಲ್ಲಿಗೆ ಬಂದಾಗ ಕೇಳಲೇಬೇಕಾದ ಪ್ರಶ್ನೆ: ಈ ಕಂಪ್ಯೂಟರಿನಲ್ಲಿ ಆಂಟಿವೈರಸ್ ಇತ್ತಲ್ಲ, ಅದೇಕೆ ತಡೆಯಲಿಲ್ಲ?

ಉತ್ತರ ಸಾಮಾನ್ಯವಾಗಿ ನಾಲ್ಕು ಕಡೆಗಳಲ್ಲಿ ಒಂದರಲ್ಲಿ ಸಿಗುತ್ತದೆ. ಹಣ ಕೊಟ್ಟು ಹಾಕಿಸಿದ ಆಂಟಿವೈರಸ್‌ನ ಅವಧಿ ಮುಗಿದು ಅಪ್‌ಡೇಟ್ ನಿಂತಿರಬಹುದು. ಅಂಥದ್ದನ್ನು ನವೀಕರಿಸಿ, ಇಲ್ಲವೇ ಪೂರ್ತಿ ತೆಗೆದುಹಾಕಿ. ತೆಗೆದರೆ ವಿಂಡೋಸ್ 10 ಮತ್ತು 11ರಲ್ಲಿ ಅದರೊಂದಿಗೇ ಬರುವ ಆಂಟಿವೈರಸ್ ಮೈಕ್ರೋಸಾಫ್ಟ್ ಡಿಫೆಂಡರ್ ತಾನಾಗಿ ಕೆಲಸಕ್ಕೆ ಬರುತ್ತದೆ. ಎರಡು ಆಂಟಿವೈರಸ್‌ಗಳನ್ನು ಒಟ್ಟಿಗೆ ಹಾಕಿ ಒಂದಕ್ಕೊಂದು ಅಡ್ಡಿಯಾಗಿರಬಹುದು. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕುವಾಗ ಯಾರೋ ರಕ್ಷಣೆಯನ್ನು ನಿಲ್ಲಿಸಿ ಮತ್ತೆ ಆನ್ ಮಾಡದೆ ಬಿಟ್ಟಿರಬಹುದು. ಕೊನೆಯದು ಎಕ್ಸ್‌ಕ್ಲೂಷನ್ ಪಟ್ಟಿ: ‘ಈ ಫೋಲ್ಡರನ್ನು ಪರೀಕ್ಷಿಸಬೇಡ’ ಎಂದು ಇಡೀ ಸಿ ಡ್ರೈವ್ ಅನ್ನೇ ಸೇರಿಸಿರುವ ಕಂಪ್ಯೂಟರುಗಳೂ ಇವೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಮತ್ತು ಅಪಾಯ ರಕ್ಷಣೆಯ ಸೆಟ್ಟಿಂಗ್ಸ್ ತೆರೆದರೆ ಈ ಪಟ್ಟಿ ಸಿಗುತ್ತದೆ. ನಿಮಗೆ ಕಾರಣ ಗೊತ್ತಿಲ್ಲದ ಪ್ರತಿಯೊಂದು ನಮೂದನ್ನೂ ತೆಗೆಯಿರಿ.

ಆಂಟಿವೈರಸ್ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು ಐಕಾರ್ ಸಂಸ್ಥೆಯ 68 ಬೈಟ್‌ಗಳ ಪರೀಕ್ಷಾ ಫೈಲ್ ಇದೆ. ಅದರಲ್ಲಿ ಯಾವ ಹಾನಿಯೂ ಇಲ್ಲ. ಆಂಟಿವೈರಸ್‌ಗಳು ಅದನ್ನು ಅಪಾಯ ಎಂದು ಗುರುತಿಸಬೇಕು ಎಂಬ ಒಪ್ಪಂದವಿದೆ. ಐಕಾರ್ ಜಾಲತಾಣದಿಂದ ಅದನ್ನು ಇಳಿಸಿಕೊಳ್ಳಲು ಯತ್ನಿಸಿ. ತಡೆದರೆ ಕಾವಲು ಎದ್ದಿದೆ. ಸುಮ್ಮನೆ ಇಳಿದು ಕುಳಿತರೆ, ಪರದೆಯ ಮೂಲೆಯಲ್ಲಿ ಎಷ್ಟು ಹಸಿರು ಗುರುತಿದ್ದರೂ ಅದನ್ನು ನಂಬಬೇಡಿ.

ಹಳೆಯ ವಿಂಡೋಸ್ 7 ಇನ್ನೂ ಓಡುತ್ತಿರುವ ಅಂಗಡಿಗಳಿಗೆ ವಿಶೇಷವಾಗಿ ಹೇಳಬೇಕು. ಅದರೊಂದಿಗೆ ಬಂದ ಡಿಫೆಂಡರ್ ಪೂರ್ಣ ಆಂಟಿವೈರಸ್ ಆಗಿರಲಿಲ್ಲ, ಸ್ಪೈವೇರ್ ಅನ್ನಷ್ಟೇ ನೋಡುತ್ತಿತ್ತು. ಪೂರ್ಣ ರಕ್ಷಣೆ ವಿಂಡೋಸ್‌ನಲ್ಲಿಯೇ ಅಡಕವಾಗಿ ಬಂದದ್ದು ವಿಂಡೋಸ್ 8ರಿಂದ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ; ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ಆಂಟಿವೈರಸ್ ಏನು ನೋಡುತ್ತದೆ ಎಂಬುದು ಗೊತ್ತಿದ್ದರೆ ಅದರ ಮಿತಿಯೂ ಗೊತ್ತಾಗುತ್ತದೆ. ಈಗಾಗಲೇ ಪತ್ತೆಯಾದ ದುರುದ್ದೇಶದ ಫೈಲುಗಳ ಗುರುತುಗಳ ಪಟ್ಟಿ ಅದರ ಬಳಿ ಇರುತ್ತದೆ. ಅಪ್‌ಡೇಟ್ ಎಂದರೆ ಮುಖ್ಯವಾಗಿ ಆ ಪಟ್ಟಿ ಬೆಳೆಯುವುದು. ಆದರೆ ಸ್ಕ್ರಿಪ್ಟ್ ಎಂದರೆ ಬರಿಯ ಪಠ್ಯ. ನಾಲ್ಕು ಸಾಲು ಹಿಂದೆ ಮುಂದೆ ಮಾಡಿ, ಉಳಿದದ್ದನ್ನು ಗೂಢಲಿಪಿಯಲ್ಲಿ ಬರೆದರೆ ಹಳೆಯ ಗುರುತು ಹೊಂದುವುದಿಲ್ಲ. ಅದಕ್ಕಾಗಿಯೇ ವಿಂಡೋಸ್ 10ರಿಂದ ಆಮ್ಸಿ ಎಂಬ ವ್ಯವಸ್ಥೆ ಬಂತು: ಸ್ಕ್ರಿಪ್ಟ್ ತನ್ನ ಮುಸುಕು ತೆಗೆದು ಓಡುವ ಕ್ಷಣದಲ್ಲಿ ಅದರ ನಿಜವಾದ ಪಠ್ಯವನ್ನು ಆಂಟಿವೈರಸ್ ಕೈಗೆ ಅದು ಕೊಡುತ್ತದೆ. ಇದರ ಮೇಲೆ ವರ್ತನೆಯ ನಿಗಾ ಬೇರೆ. ಪೆನ್ ಡ್ರೈವಿನ ಎಲ್ಲ ಫೋಲ್ಡರುಗಳನ್ನು ಅಡಗಿಸಿ ಅವುಗಳ ಹೆಸರಿನಲ್ಲೇ ಶಾರ್ಟ್‌ಕಟ್ ಬರೆಯುವ ಪ್ರೋಗ್ರಾಂ ಪಟ್ಟಿಯಲ್ಲಿ ಇಲ್ಲದಿದ್ದರೂ ಅದರ ನಡತೆಯಿಂದಲೇ ಸಿಕ್ಕಿಬೀಳಬಹುದು.

ಇದೇ ನಿಗಾ ಒಮ್ಮೊಮ್ಮೆ ಸಾಚಾ ಪ್ರೋಗ್ರಾಂಗಳ ಮೇಲೂ ಬೀಳುತ್ತದೆ. ಕನ್ನಡ ಬೆರಳಚ್ಚಿನ ತಂತ್ರಾಂಶ ನೀವು ಒತ್ತುವ ಪ್ರತಿ ಕೀಲಿಯನ್ನೂ ಗಮನಿಸಿ ಅದಕ್ಕೆ ಕನ್ನಡ ಅಕ್ಷರ ಕೊಡಬೇಕು. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಕೀಲಿಗಳನ್ನೇ ಗಮನಿಸುತ್ತದೆ. ಹಾಗಾಗಿ ಇಂಥ ತಂತ್ರಾಂಶವನ್ನು ಆಂಟಿವೈರಸ್ ಅನುಮಾನಿಸಿದರೆ ಗಾಬರಿ ಬೇಡ, ಹಾಗೆಂದು ಕಣ್ಣುಮುಚ್ಚಿ ಅನುಮತಿಯನ್ನೂ ಕೊಡಬೇಡಿ. ‘ನುಡಿ’ ತಂತ್ರಾಂಶ ಬೇಕಿದ್ದರೆ ಕನ್ನಡ ಗಣಕ ಪರಿಷತ್ತಿನ ಮೂಲದಿಂದಲೇ ಪಡೆಯಿರಿ, ಯಾರದೋ ಪೆನ್ ಡ್ರೈವಿನಲ್ಲಿದ್ದ ನಕಲನ್ನು ಹಾಕಬೇಡಿ. ಅನುಮಾನವಿದ್ದ ಫೈಲನ್ನು ವೈರಸ್‌ಟೋಟಲ್ ತಾಣಕ್ಕೆ ಹಾಕಿದರೆ ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತದೆ. ಆದರೆ ಅಲ್ಲಿಗೆ ಹಾಕಿದ ಫೈಲ್ ಭದ್ರತಾ ಸಂಶೋಧಕರ ಕೈಗೂ ಸಿಗುತ್ತದೆ. ಗ್ರಾಹಕರ ಆಧಾರ್ ಪ್ರತಿಯನ್ನೋ ಬ್ಯಾಂಕ್ ಪಾಸ್‌ಬುಕ್‌ನ ಸ್ಕ್ಯಾನನ್ನೋ ಅಲ್ಲಿ ಎಂದಿಗೂ ಹಾಕಬೇಡಿ.

ಕಂಪ್ಯೂಟರ್ ಶುದ್ಧಿ

ಮೊದಲು ಆಂಟಿವೈರಸ್ ಅಪ್‌ಡೇಟ್ ಮಾಡಿ, ಆಮೇಲೆ ಪೂರ್ಣ ಸ್ಕ್ಯಾನ್. ಡಿಫೆಂಡರ್ ಇದ್ದರೆ ಸ್ಕ್ಯಾನ್ ಆಯ್ಕೆಗಳಲ್ಲಿ ‘ಆಫ್‌ಲೈನ್ ಸ್ಕ್ಯಾನ್’ ಕೂಡ ಇದೆ. ಅದು ಕಂಪ್ಯೂಟರನ್ನು ಮರುಪ್ರಾರಂಭಿಸಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಪರೀಕ್ಷೆ ನಡೆಸುತ್ತದೆ. ಓಡುತ್ತಿರುವ ವರ್ಮ್ ತನ್ನನ್ನು ಕಾಪಾಡಿಕೊಳ್ಳಲು ಅವಕಾಶವೇ ಇರುವುದಿಲ್ಲ. ಸುಮಾರು 15 ನಿಮಿಷ ಹಿಡಿಯುತ್ತದೆ. ಈ ದೋಷಕ್ಕೆ ನಾನು ಮೊದಲು ಸೂಚಿಸುವುದು ಇದನ್ನೇ. ಎರಡನೆಯ ಅಭಿಪ್ರಾಯ ಬೇಕಿದ್ದರೆ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಇದೆ. ಇಳಿಸಿಕೊಂಡ 10 ದಿನಗಳ ಮೇಲೆ ಅದು ಓಡುವುದಿಲ್ಲ, ಪ್ರತಿ ಸಲ ಹೊಸದನ್ನೇ ಇಳಿಸಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರಿಂದ ನಡೆಸುತ್ತಿರುವ ಸೈಬರ್ ಸ್ವಚ್ಛತಾ ಕೇಂದ್ರದಲ್ಲೂ ಉಚಿತ ಶುದ್ಧೀಕರಣ ಉಪಕರಣಗಳು ಸಿಗುತ್ತವೆ.

ಶುದ್ಧಿಯಾದ ಮೇಲೆ ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ‘ಸ್ಕ್ರಿಪ್ಟ್ ಫೈಲ್ ಸಿಗಲಿಲ್ಲ’ ಎಂಬ ಅರ್ಥದ ಸಂದೇಶವೊಂದು ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್ ಹೆಸರಿನಲ್ಲಿ ಬರಬಹುದು. ವೈರಸ್ ಇನ್ನೂ ಇದೆ ಎಂದು ಹೆದರುವವರು ಬಹಳ. ನಿಜವಾಗಿ ಇದು ಒಳ್ಳೆಯ ಸೂಚನೆ: ಸ್ಕ್ರಿಪ್ಟ್ ಹೋಗಿದೆ, ಅದನ್ನು ಕರೆಯುವ ಸ್ಟಾರ್ಟಪ್ ನಮೂದು ಮಾತ್ರ ಉಳಿದಿದೆ. ಆಟೋರನ್ಸ್‌ನಲ್ಲಿ ಆ ನಮೂದನ್ನು ಅಳಿಸಿದರೆ ಸಂದೇಶ ನಿಲ್ಲುತ್ತದೆ.

ಈಗ ಪೆನ್ ಡ್ರೈವ್

ಶುದ್ಧವಾದ ಕಂಪ್ಯೂಟರಿಗೆ ಪೆನ್ ಡ್ರೈವ್ ಹಾಕಿ, ತೆರೆಯದೆ, ಡ್ರೈವಿನ ಮೇಲೆ ಬಲ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿ. ಡಿಫೆಂಡರ್‌ನ ಪೂರ್ಣ ಸ್ಕ್ಯಾನ್ ಮೂಲ ಸೆಟ್ಟಿಂಗ್‌ನಲ್ಲಿ ಪೆನ್ ಡ್ರೈವ್‌ಗಳನ್ನು ಒಳಗೊಳ್ಳುವುದಿಲ್ಲ, ಆದ್ದರಿಂದ ಇದನ್ನು ಪ್ರತ್ಯೇಕವಾಗಿಯೇ ಮಾಡಬೇಕು.

ಸ್ಕ್ಯಾನ್ ಮುಗಿದಾಗ ಶಾರ್ಟ್‌ಕಟ್‌ಗಳು ಹೋಗಿರುತ್ತವೆ, ಡ್ರೈವ್ ಖಾಲಿಯಾಗಿ ಕಾಣುತ್ತದೆ. ಎಷ್ಟೋ ಜನ ಆಂಟಿವೈರಸ್ ಮೇಲಿನ ನಂಬಿಕೆ ಕಳೆದುಕೊಳ್ಳುವುದು ಇಲ್ಲಿಯೇ. ‘ಆಂಟಿವೈರಸ್ ನನ್ನ ಫೈಲ್ ಎಲ್ಲ ಅಳಿಸಿಹಾಕಿತು’ ಎಂದು ಅದನ್ನೇ ಕಿತ್ತುಹಾಕುತ್ತಾರೆ, ಮುಂದಿನ ಸೋಂಕಿಗೆ ಬಾಗಿಲು ತೆರೆಯುತ್ತಾರೆ. ಆಂಟಿವೈರಸ್ ಅಳಿಸಿದ್ದು ಶಾರ್ಟ್‌ಕಟ್ ಮತ್ತು ಸ್ಕ್ರಿಪ್ಟ್‌ಗಳನ್ನು ಮಾತ್ರ. ಫೋಲ್ಡರುಗಳಿಗೆ ವರ್ಮ್ ಹಚ್ಚಿದ ‘ಅಡಗಿದ’ ಮತ್ತು ‘ಸಿಸ್ಟಂ’ ಎಂಬ ಗುರುತುಗಳನ್ನು ಅದು ಸಾಮಾನ್ಯವಾಗಿ ತೆಗೆಯುವುದಿಲ್ಲ. ಆ ಕೆಲಸ ನಮ್ಮದು.

ಬರಿಯ ‘ಅಡಗಿದ’ ಗುರುತಾಗಿದ್ದರೆ ಪ್ರಾಪರ್ಟೀಸ್‌ನಲ್ಲಿ ಟಿಕ್ ತೆಗೆದರೆ ಆಗುತ್ತಿತ್ತು. ‘ಸಿಸ್ಟಂ’ ಗುರುತೂ ಸೇರಿದಾಗ ಆ ಟಿಕ್ ಬೂದು ಬಣ್ಣಕ್ಕೆ ತಿರುಗಿ ಕೈಗೆ ಸಿಗುವುದಿಲ್ಲ. ಹಾಗಾಗಿ ಕಮಾಂಡ್ ಪ್ರಾಂಪ್ಟ್ ಬೇಕು. ಅದನ್ನು ತೆರೆದು ಅಟ್ರಿಬ್ ಎಂಬ ಆದೇಶ ಬರೆಯಿರಿ: ಇಂಗ್ಲಿಷ್ ಅಕ್ಷರಗಳಲ್ಲಿ ಎ, ಟಿ, ಟಿ, ಆರ್, ಐ, ಬಿ. ಜಾಗ ಬಿಟ್ಟು ಮೈನಸ್ ಎಚ್, ಮತ್ತೆ ಜಾಗ ಬಿಟ್ಟು ಮೈನಸ್ ಆರ್, ಮತ್ತೆ ಮೈನಸ್ ಎಸ್. ಮತ್ತೆ ಜಾಗ ಬಿಟ್ಟು ಪೆನ್ ಡ್ರೈವಿನ ಅಕ್ಷರ, ಕೋಲನ್, ಹಿಮ್ಮುಖ ಓರೆಗೆರೆ, ನಕ್ಷತ್ರ, ಚುಕ್ಕೆ, ನಕ್ಷತ್ರ. ಕೊನೆಗೆ ಜಾಗ ಬಿಟ್ಟು ಮುಮ್ಮುಖ ಓರೆಗೆರೆಯೊಂದಿಗೆ ಎಸ್, ಇನ್ನೊಂದು ಓರೆಗೆರೆಯೊಂದಿಗೆ ಡಿ. ಡ್ರೈವಿನ ಅಕ್ಷರವನ್ನು ಎರಡು ಸಲ ನೋಡಿ. ಸಿ ಎಂದು ಬರೆದರೆ ವಿಂಡೋಸ್ ತನ್ನ ರಕ್ಷಣೆಗೆ ಇಟ್ಟ ಗುರುತುಗಳೇ ಅಳಿಸಿಹೋದಾವು. ಎಂಟರ್ ಒತ್ತಿ ಕೆಲ ಕ್ಷಣ ಕಾದರೆ ಫೋಲ್ಡರುಗಳು ಮರಳಿ ಕಾಣುತ್ತವೆ. ಅವುಗಳ ನಡುವೆ ಹೆಸರೇ ಇಲ್ಲದ ಒಂದು ಫೋಲ್ಡರ್ ಕಂಡರೆ ಅಳಿಸಬೇಡಿ, ತೆರೆಯಿರಿ. ಕೆಲವು ವರ್ಮ್‌ಗಳು ಹೆಸರಿನ ಜಾಗದಲ್ಲಿ ಕಾಣದ ಅಕ್ಷರ ಇಟ್ಟು ಎಲ್ಲ ಫೈಲುಗಳನ್ನು ಅದರೊಳಗೆ ಸರಿಸಿರುತ್ತವೆ.

ಫೈಲುಗಳನ್ನೆಲ್ಲ ಕಂಪ್ಯೂಟರಿಗೆ ನಕಲಿಸಿ, ತೆರೆದು ನೋಡಿ ಸರಿಯಿವೆ ಎಂದು ಖಚಿತವಾದ ಮೇಲೆ ಬೇಕಿದ್ದರೆ ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಬಹುದು.

ಹೀಗೆ ಕಂಡರೆ ಬೇರೆ ದೋಷ

ಪರದೆಯ ಬಲಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ ವೈರಸ್‌ಗಳಿವೆ’ ಎಂದು ಮೇಲಿಂದ ಮೇಲೆ ಬರುತ್ತಿದ್ದರೆ ಅದು ಬಹುತೇಕ ಬ್ರೌಸರ್‌ನ ನೋಟಿಫಿಕೇಶನ್. ಯಾವುದೋ ತಾಣಕ್ಕೆ ‘ಅಲೋ’ ಒತ್ತಿದ್ದೀರಿ. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಆ ತಾಣದ ಅನುಮತಿ ತೆಗೆದರೆ ಮುಗಿಯಿತು. ಅದರಲ್ಲಿ ಕೊಟ್ಟ ಫೋನ್ ಸಂಖ್ಯೆಗೆ ಕರೆ ಮಾಡಬೇಡಿ.

ಫೈಲುಗಳ ಹೆಸರಿನ ಕೊನೆಗೆ ಅಪರಿಚಿತ ಬಾಲ ಅಂಟಿಕೊಂಡು, ಯಾವುದೂ ತೆರೆಯದೆ, ಹಣ ಕೇಳುವ ಪತ್ರವೊಂದು ಪ್ರತಿ ಫೋಲ್ಡರಿನಲ್ಲಿದ್ದರೆ ಅದು ರ್‍ಯಾನ್ಸಮ್‌ವೇರ್. ಇಲ್ಲಿ ಫೈಲುಗಳು ಅಡಗಿಲ್ಲ, ಗೂಢಲಿಪಿಗೆ ಬದಲಾಗಿವೆ; ಅಟ್ರಿಬ್ ಆದೇಶ ಏನೂ ಮಾಡದು. ತಕ್ಷಣ ನೆಟ್‌ವರ್ಕ್ ಕೇಬಲ್ ಕಿತ್ತು ವೈಫೈ ಆರಿಸಿ, ಏಕೆಂದರೆ ಇವುಗಳಲ್ಲಿ ಕೆಲವು ಅಂಗಡಿಯ ಉಳಿದ ಕಂಪ್ಯೂಟರುಗಳಿಗೂ ಹರಡುತ್ತವೆ. 2017ರ ಮೇ 12ರಂದು ಜಗತ್ತನ್ನು ತಲ್ಲಣಗೊಳಿಸಿದ ವಾನ್ನಕ್ರೈ ಹರಡಲು ಯಾರ ಕ್ಲಿಕ್ಕೂ ಬೇಕಿರಲಿಲ್ಲ. ಅದು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ಮಾರ್ಚಿನಲ್ಲಿ ಪರಿಹಾರ ಕೊಟ್ಟಿತ್ತು, ಅಪ್‌ಡೇಟ್ ಹಾಕದ ಕಂಪ್ಯೂಟರುಗಳು ಬಲಿಯಾದವು. ಆಂಟಿವೈರಸ್ ರ್‍ಯಾನ್ಸಮ್‌ವೇರ್ ಅನ್ನು ತೆಗೆಯಬಲ್ಲದು, ಬದಲಾದ ಫೈಲುಗಳನ್ನು ಮರಳಿಸಲಾರದು. ಕೆಲವು ಬಗೆಗಳಿಗೆ ಉಚಿತ ಬಿಡುಗಡೆ ಕೀಲಿಗಳು ‘ನೋ ಮೋರ್ ರ್‍ಯಾನ್ಸಮ್’ ತಾಣದಲ್ಲಿ ಸಿಗುತ್ತವೆ. ಇಂದು ಸಿಗದಿದ್ದರೂ ಗೂಢಲಿಪಿಯ ಫೈಲುಗಳನ್ನು ಒಂದು ಡಿಸ್ಕಿನಲ್ಲಿ ಕಾಪಾಡಿ ಇಡಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಿ.

ಇವಕ್ಕಿಂತ ಹೆಚ್ಚಾಗಿ ಜನ ಕಡೆಗಣಿಸುವುದು ಕಳ್ಳತನವನ್ನು. ಶಾರ್ಟ್‌ಕಟ್ ತಂತ್ರ ಬಳಸಿದ ಹಲವು ವರ್ಮ್‌ಗಳು ಹೊರಗಿನವನಿಗೆ ಕಂಪ್ಯೂಟರಿನ ಮೇಲೆ ಹಿಡಿತವನ್ನೂ ಕೊಡುತ್ತಿದ್ದವು. ಮೈಕ್ರೋಸಾಫ್ಟ್ 2014ರಲ್ಲಿ ಕಾನೂನು ಕ್ರಮ ಕೈಗೊಂಡ ಜೆಂಕ್ಸ್‌ಕಸ್ ಆ ಜಾತಿಯದು. ಆದ್ದರಿಂದ ಫೋಲ್ಡರುಗಳು ಮರಳಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಆ ಕಂಪ್ಯೂಟರಿನಲ್ಲಿ ಬಳಸಿದ ಇಮೇಲ್, ಬ್ಯಾಂಕ್, ಸೇವಾ ತಾಣಗಳ ಪಾಸ್‌ವರ್ಡ್‌ಗಳನ್ನು ಬೇರೊಂದು ಶುದ್ಧ ಸಾಧನದಿಂದ ಬದಲಿಸಿ, ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಮಾಡಿ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಸೋರಿವೆ ಎಂದೇ ತಿಳಿದು ಮುಂದುವರಿಯಿರಿ.

ಆಫ್‌ಲೈನ್ ಸ್ಕ್ಯಾನ್ ಆದ ಮೇಲೂ ಪರೀಕ್ಷೆಯ ಫೋಲ್ಡರ್ ಶಾರ್ಟ್‌ಕಟ್ ಆದರೆ, ಅಥವಾ ಆಂಟಿವೈರಸ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದರೆ, ಇನ್ನು ಹೆಣಗಬೇಡಿ. ವಿಂಡೋಸ್ ಹೊಸದಾಗಿ ಹಾಕಿ. ಅದರ ಇನ್‌ಸ್ಟಾಲರ್ ಪೆನ್ ಡ್ರೈವ್ ಅನ್ನು ಶುದ್ಧ ಕಂಪ್ಯೂಟರಿನಲ್ಲಿ, ಮೈಕ್ರೋಸಾಫ್ಟ್ ಜಾಲತಾಣದಿಂದಲೇ ತಯಾರಿಸಿ. ಹಳೆಯ ಡಿಸ್ಕಿನಿಂದ ದಾಖಲೆ, ಫೋಟೊ, ಫಾಂಟ್‌ಗಳಷ್ಟನ್ನೇ ತನ್ನಿ, ಪ್ರೋಗ್ರಾಂಗಳನ್ನು ತರಬೇಡಿ. ಅಪ್‌ಡೇಟ್‌ಗಳೆಲ್ಲ ಮುಗಿದ ಮೇಲೆ ಹೊರಗಿನ ಪೆನ್ ಡ್ರೈವ್‌ಗಳಿಗೆಂದು ಒಂದೇ ಕಂಪ್ಯೂಟರನ್ನು ಮೀಸಲಿಡಿ. ಅದರಲ್ಲಿ ಬ್ಯಾಂಕ್ ವ್ಯವಹಾರ ಬೇಡ, ಡಿಜಿಟಲ್ ಸಹಿಯ ಟೋಕನ್ ಬೇಡ.

ಸೋಂಕಿನ ಕಂಪ್ಯೂಟರಿಗೆ ಈಚೆಗೆ ಪೆನ್ ಡ್ರೈವ್ ಕೊಟ್ಟ ಗ್ರಾಹಕರಲ್ಲಿ ಗುರುತು ಸಿಕ್ಕವರಿಗೆಲ್ಲ ವಿಷಯ ತಿಳಿಸಿ. ಶಾರ್ಟ್‌ಕಟ್ ಕ್ಲಿಕ್ ಮಾಡಬೇಡಿ, ಫಾರ್ಮ್ಯಾಟ್ ಮಾಡಬೇಡಿ, ಪೆನ್ ಡ್ರೈವ್ ತನ್ನಿ ಎಂದು ಹೇಳಿ. ಈಗಾಗಲೇ ಕ್ಲಿಕ್ ಮಾಡಿಬಿಟ್ಟಿದ್ದರೆ ಅವರ ಮನೆಯ ಕಂಪ್ಯೂಟರಿಗೂ ಪರೀಕ್ಷೆಯ ಪೆನ್ ಡ್ರೈವ್ ಹಾಕಿ ನೋಡಬೇಕು.